ವರ್ನಾಕ್ಯುಲರ್ ಅಂದರೆ ಯಾವ ಭಾಷೆ?

(ಕನ್ನಡ ತರುಣರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)



ನಾನು ಭಾಷಣಕಾರನಲ್ಲ, ಪ್ರೆಸ್ಸಿನವನು. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮೆಷಿನ್ನಿನ ಮುಂದೆ ನಿಂತವನು. ನಿಮ್ಮ ಕರಪತ್ರ ಅಚ್ಚು ಹಾಕಿಕೊಡುವವನನ್ನೇ ಕರೆದು 'ನೀವೂ ನಾಲ್ಕು ಮಾತಾಡಿ' ಅಂದಿದ್ದೀರಿ. ನಾಲ್ಕು ಬೇಡ, ಒಂದೇ ಪದದ ಬಗ್ಗೆ ಮಾತಾಡಿ ಕೂತುಬಿಡುತ್ತೇನೆ. ಅದೂ ಇಂಗ್ಲಿಷ್ ಪದ. ವರ್ನಾಕ್ಯುಲರ್.

ನೀವೆಲ್ಲ ಇದನ್ನು ಕೇಳಿದ್ದೀರಿ. 'ಪಾಪ, ವರ್ನಾಕ್ಯುಲರ್ ಮೀಡಿಯಂ ಹುಡುಗ, ಇಂಟರ್‌ವ್ಯೂನಲ್ಲಿ ಒದ್ದಾಡಿಬಿಟ್ಟ' ಎನ್ನುತ್ತಾರೆ. ಜಾಹೀರಾತು ಏಜೆನ್ಸಿಯವರಿಗೆ ನಮ್ಮ ಪತ್ರಿಕೆಗಳೆಲ್ಲ 'ವರ್ನಾಕ್ಯುಲರ್ ಪೇಪರ್'. ಮೊಬೈಲ್ ಆ್ಯಪ್ ಮಾಡುವ ಕಂಪನಿಗಳಿಗೆ ನಾವು ಓದುವುದು 'ವರ್ನಾಕ್ಯುಲರ್ ಕಂಟೆಂಟ್'. ಇಷ್ಟು ಕಡೆ ಓಡಾಡುವ ಈ ಪದದ ಅರ್ಥ ನಲವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಹಾಗೆ ಮಾಡಿದವಳು ನಮ್ಮಮ್ಮ.

ಕೆಲವು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮೆಷಿನ್ ಕೊಳ್ಳಲು ಸಾಲಕ್ಕೆ ಹಾಕಿದೆ. ಮನೆ ಅಮ್ಮನ ಹೆಸರಿನಲ್ಲಿದೆ, ಆದ್ದರಿಂದ ಅವಳ ಸಹಿಯೂ ಬೇಕು. ಒಂದು ಬ್ಯಾಂಕು, ಹೆಸರು ಬೇಡ. ನಲವತ್ತು ಪುಟದ ಕಾಗದ, ಪೂರ್ತಿ ಇಂಗ್ಲಿಷ್. ಅಮ್ಮ ಕನ್ನಡಕ ಹಾಕಿಕೊಂಡು ಪುಟ ಪುಟಕ್ಕೂ ಗುಂಡಗೆ ಕನ್ನಡದಲ್ಲಿ ಸಹಿ ಹಾಕಿದಳು. ಮೇಜಿನ ಆಚೆಗಿದ್ದ ಹುಡುಗ ಮರ್ಯಾದಸ್ಥ. 'ಸರ್, ಇನ್ನೊಂದು ಶೀಟ್ ಇದೆ' ಅಂತ ಡ್ರಾಯರಿನಿಂದ ತೆಗೆದ. ತಲೆಬರಹ 'ವರ್ನಾಕ್ಯುಲರ್ ಡಿಕ್ಲರೇಷನ್'. ವರ್ನಾಕ್ಯುಲರ್‌ನಲ್ಲಿ ಸಹಿ ಹಾಕಿದವರು ಮತ್ತು ಹೆಬ್ಬೆಟ್ಟು ಒತ್ತಿದವರು, ಇಬ್ಬರಿಗೂ ಒಂದೇ ಶೀಟು. ಇಂಗ್ಲಿಷ್ ಬಲ್ಲ ಒಬ್ಬರು 'ಇದರಲ್ಲಿರುವುದನ್ನೆಲ್ಲ ಇವರಿಗೆ ಓದಿ ಹೇಳಿ ವಿವರಿಸಿದ್ದೇನೆ' ಅಂತ ಸಹಿ ಮಾಡಬೇಕು.

ಮಾಡಿದೆ. ನಾನೇ ಮಾಡಿದೆ. ಆ ನಲವತ್ತು ಪುಟದಲ್ಲಿ ನಾನು ಒಂದು ಪುಟವನ್ನೂ ಓದಿರಲಿಲ್ಲ. ನನ್ನ ಇಂಗ್ಲಿಷ್ ಸಹಿ ಒಂದು ಗೀಚು, ಅದರಲ್ಲಿ ಯಾವ ಅಕ್ಷರ ಇದೆ ಅಂತ ನನಗೇ ತಿಳಿಯದು. ಆದರೂ 'ನಿಮಗೆ ಅರ್ಥವಾಯಿತೇ?' ಅಂತ ನನ್ನನ್ನು ಯಾರೂ ಕೇಳಲಿಲ್ಲ!

ಅಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ಅಪ್ಪನ ಕಾಲದಲ್ಲಿ ಪ್ರೆಸ್ಸಿನ ಪ್ರೂಫ್ ನೋಡುತ್ತಿದ್ದವಳು ಅವಳೇ. ಒಂದು ಮಹಾಪ್ರಾಣ ತಪ್ಪಿದರೂ ಕಂಪೋಸಿಟರಿಗೆ ಗ್ರಹಚಾರ. ಆಟೋದಲ್ಲಿ ಬರುವಾಗ ಕೇಳಿದಳು: 'ಆ ಹುಡುಗ ಹೆಬ್ಬೆಟ್ಟಿನ ಜೊತೆ ಸೇರಿಸಿ ಏನೋ ಅಂದನಲ್ಲೋ, ಹಾಗಂದ್ರೆ ಏನು?'

'ಕನ್ನಡ ಅಂತ ಅಮ್ಮ.'

'ಕನ್ನಡಕ್ಕೆ ಇಂಗ್ಲಿಷಲ್ಲೂ ಕನ್ನಡ ಅಂತಲೇ ಅಲ್ವೇನೋ ಅನ್ನೋದು?'

ನನ್ನ ಬಳಿ ಉತ್ತರವಿರಲಿಲ್ಲ. ಅವತ್ತು ರಾತ್ರಿ ನಿಘಂಟು ತೆಗೆದೆ.

ಲ್ಯಾಟಿನ್‌ನಲ್ಲಿ 'ವರ್ನಾ' ಅಂದರೆ ಯಜಮಾನನ ಮನೆಯಲ್ಲೇ ಹುಟ್ಟಿದ ಗುಲಾಮ. ಅದರಿಂದ 'ವರ್ನಾಕ್ಯುಲಸ್', ಅಂದರೆ ಮನೆಯಲ್ಲೇ ಹುಟ್ಟಿದ್ದು, ಆ ಮಣ್ಣಿನದೇ ಆದದ್ದು. ಗುಲಾಮ ಅನ್ನುವ ಮಾತು ಕಂಡ ಕೂಡಲೇ ನನಗೆ ರಕ್ತ ಕುದಿಯಿತು. ನಿಮಗೂ ಈಗ ಕುದಿಯುತ್ತಿರಬಹುದು. ನಮ್ಮ ವೇದಿಕೆಗಳಲ್ಲಿ ಕೆಲವರು ಇಷ್ಟನ್ನೇ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ದಯವಿಟ್ಟು ಇಲ್ಲಿಗೆ ನಿಲ್ಲಬೇಡಿ. ನಿಂತರೆ ಇಂಗ್ಲಿಷ್ ಮೇಷ್ಟರೊಬ್ಬರು ಎದ್ದು ನಿಮ್ಮ ಬಾಯಿ ಮುಚ್ಚಿಸುತ್ತಾರೆ, ಮುಚ್ಚಿಸಬೇಕಾದ್ದೇ. ಯಾಕೆಂದರೆ ರೋಮಿನ ವಿದ್ವಾಂಸ ವಾರೋ ಎರಡು ಸಾವಿರ ವರ್ಷದ ಹಿಂದೆಯೇ ಲ್ಯಾಟಿನ್ನಿನ ಸ್ವಂತ ಪದಗಳಿಗೆ ಇದೇ ಹೆಸರು ಬಳಸಿದ್ದ. ತನ್ನ ನುಡಿಯನ್ನು ತಾನೇ ಬೈದುಕೊಂಡನೇ? ಪದ ಹುಟ್ಟಿದ ಕಡೆಯೇ ಅದರ ಅರ್ಥ ಕೂತಿರುವುದಿಲ್ಲ. ನಮ್ಮ 'ಎಣ್ಣೆ' ನೋಡಿ. ಎಳ್ಳು ಮತ್ತು ನೆಯ್ ಸೇರಿ ಆದ ಪದ ಅದು. ಹಾಗಂತ ಸೀಮೆಎಣ್ಣೆಯಲ್ಲಿ ಎಳ್ಳು ಹುಡುಕುತ್ತೇವೆಯೇ?

ಸರಿಯಾದ ಅರ್ಥ ಇಷ್ಟು: ಒಂದು ನಾಡಿನ ಜನ ಮನೆಯಲ್ಲಿ, ಬೀದಿಯಲ್ಲಿ ಆಡುವ ಸ್ವಂತ ನುಡಿ. ಪಂಡಿತರ ಭಾಷೆಗೋ ಆಳುವವರ ಭಾಷೆಗೋ ಎದುರಾಗಿ ಇಟ್ಟು ಹೇಳುವಾಗ ಈ ಪದ ಬರುತ್ತದೆ. ಹಾಗಾದರೆ ಇಂಗ್ಲೆಂಡಿನ ವರ್ನಾಕ್ಯುಲರ್ ಯಾವುದು? ಇಂಗ್ಲಿಷೇ! ಅಲ್ಲಿನ ಕೋರ್ಟುಗಳಲ್ಲಿ ಫ್ರೆಂಚ್ ನಡೆಯುತ್ತಿತ್ತು, ಜನಕ್ಕೆ ತಲೆಬುಡ ತಿಳಿಯುತ್ತಿರಲಿಲ್ಲ. 1362ರಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ಮಾಡಬೇಕೆಂದು ಕಾನೂನು ಬಂತು. ಆದರೂ ದಾಖಲೆ ಲ್ಯಾಟಿನ್ನಿನಲ್ಲೇ ಉಳಿಯಿತು. ಕೋರ್ಟಿನ ದಾಖಲೆ ಕಾಗದವೂ ಇಂಗ್ಲಿಷಿಗೆ ಬಂದದ್ದು 1733ರಲ್ಲಿ. ಲೆಕ್ಕ ಹಾಕಿ, ಮುನ್ನೂರ ಎಪ್ಪತ್ತೊಂದು ವರ್ಷ. ನ್ಯೂಟನ್ 1687ರಲ್ಲಿ ತನ್ನ ದೊಡ್ಡ ಗ್ರಂಥವನ್ನು ಲ್ಯಾಟಿನ್ನಿನಲ್ಲಿ ಪ್ರಕಟಿಸಿದ, ಬೆಳಕಿನ ಮೇಲಿನ ಗ್ರಂಥವನ್ನು 1704ರಲ್ಲಿ ಇಂಗ್ಲಿಷಿನಲ್ಲಿ. ಅಂದರೆ ನ್ಯೂಟನ್ ಕೂಡ ಒಬ್ಬ ವರ್ನಾಕ್ಯುಲರ್ ಲೇಖಕ.

ವಿದ್ವಾಂಸರು ಇವತ್ತೂ ಈ ಪದವನ್ನು ಗೌರವದಿಂದಲೇ ಬಳಸುತ್ತಾರೆ. ಅಮೆರಿಕದ ಶೆಲ್ಡನ್ ಪೊಲಾಕ್ 2006ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕದಲ್ಲಿ, ಸಂಸ್ಕೃತದ ಪಕ್ಕದಲ್ಲಿ ನಾಡನುಡಿಯೊಂದು ಎದ್ದು ನಿಂತ ಬಗೆಗೆ ಮುಖ್ಯ ಉದಾಹರಣೆ ನಮ್ಮ ಕನ್ನಡ, ನಮ್ಮ ಕವಿರಾಜಮಾರ್ಗ. ನಮ್ಮವರೇ ಸಾವಿರ ವರ್ಷದ ಹಿಂದೆ ಮಾರ್ಗ, ದೇಸಿ ಅಂತ ಎರಡು ಮಾತು ಇಟ್ಟುಕೊಂಡಿದ್ದರು. ಪಂಪನಿಗೆ ಎರಡೂ ಬೇಕಾಗಿತ್ತು. ದೇಸಿ ಅನ್ನುವುದು ಅವನಿಗೆ ನಾಚಿಕೆಯ ಮಾತಾಗಿರಲಿಲ್ಲ.

ಹಾಗಾದರೆ ಕೆಟ್ಟದ್ದು ಎಲ್ಲಿ? ಇಲ್ಲಿ, ಬ್ರಿಟಿಷರ ಕಾಲದಲ್ಲಿ. ಮೆಕಾಲೆ 1835ರ ಟಿಪ್ಪಣಿಯಲ್ಲಿ ದೇಶದ ನುಡಿಗಳನ್ನೆಲ್ಲ ಒಂದೇ ಮೂಟೆ ಕಟ್ಟಿ, ಬೆಲೆಯುಳ್ಳದ್ದೇನನ್ನೂ ಅವುಗಳಿಗೆ ತರುವುದು ಸುಲಭವಲ್ಲದಷ್ಟು ಬಡವಾಗಿವೆ ಅಂತ ತೀರ್ಮಾನಿಸಿದ. ಆಮೇಲೆ 1878. ಪ್ರೆಸ್ಸಿನವನಾಗಿ ನಾನು ಮರೆಯಬಾರದ ವರ್ಷ. ಲಾರ್ಡ್ ಲಿಟ್ಟನ್ ತಂದ ಕಾಯಿದೆಗೆ ಕಾಗದದ ಮೇಲೆ 'ಪೌರಸ್ತ್ಯ ಭಾಷೆಗಳ ಪ್ರಕಟಣೆ' ಅಂತ ಹೆಸರಿತ್ತು. ಜನರ ಬಾಯಲ್ಲಿ, ಚರಿತ್ರೆಯ ಪುಸ್ತಕದಲ್ಲಿ ಉಳಿದದ್ದು ವರ್ನಾಕ್ಯುಲರ್ ಪ್ರೆಸ್ ಆ್ಯಕ್ಟ್. ದೇಶಭಾಷೆಯ ಪತ್ರಿಕೆ ಅಚ್ಚು ಹಾಕುವವನಿಂದ ಮುಚ್ಚಳಿಕೆ ಬರೆಸಿಕೊಳ್ಳಬಹುದು, ಠೇವಣಿ ಇಡಿಸಿಕೊಳ್ಳಬಹುದು. ಬರೆದದ್ದು ಸರ್ಕಾರಕ್ಕೆ ಹಿಡಿಸದಿದ್ದರೆ ಮೆಷಿನ್, ಮೊಳೆ ಎಲ್ಲ ಜಪ್ತಿ. ಕೋರ್ಟಿಗೆ ಹೋಗುವ ಹಾಗಿಲ್ಲ. ಇಂಗ್ಲಿಷ್ ಪತ್ರಿಕೆಗೆ ಮಾತ್ರ ಇದು ಯಾವುದೂ ಇಲ್ಲ. ಕಲ್ಕತ್ತೆಯ ಅಮೃತ ಬಜಾರ್ ಪತ್ರಿಕೆ ಬಂಗಾಳಿ ಬಿಟ್ಟು ರಾತ್ರೋರಾತ್ರಿ ಪೂರ್ತಿ ಇಂಗ್ಲಿಷ್ ಪತ್ರಿಕೆಯಾಯಿತು. ಚಾಣಾಕ್ಷತನ ಅಂತ ಎಲ್ಲರೂ ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. ಆದರೆ ಆ ರಾತ್ರಿ ಕೆಲಸ ಕಳೆದುಕೊಂಡ ಬಂಗಾಳಿ ಕಂಪೋಸಿಟರ್ ಇದ್ದಿದ್ದರೆ ಅವನು ಏನಂದಿರಬಹುದು ಅಂತಲೂ ಯೋಚಿಸುತ್ತೇನೆ.

ಮುಂದೆ ಲಾರ್ಡ್ ರಿಪ್ಪನ್ ಕಾಲದಲ್ಲಿ ಕಾಯಿದೆ ರದ್ದಾಯಿತು, ಅದು ಎಳೆದ ಗೆರೆ ಉಳಿಯಿತು. ಗೆರೆಯ ಈಚೆ ಇಂಗ್ಲಿಷ್, ಆಚೆ ಉಳಿದದ್ದೆಲ್ಲ. ನಮ್ಮ ಬ್ಯಾಂಕಿನಲ್ಲಿ, ಕಂಪನಿಯಲ್ಲಿ, ಕಾಲೇಜಿನಲ್ಲಿ ಈ ಪದಕ್ಕೆ ಇರುವ ಅರ್ಥ 'ಇಂಗ್ಲಿಷ್ ಅಲ್ಲದ್ದು'. ತಪ್ಪು ಬಳಕೆ ಇದೇ. ವರ್ನಾಕ್ಯುಲರ್ ಅನ್ನುವುದು ಯಾವ ಭಾಷೆಯ ಹೆಸರೂ ಅಲ್ಲ. 'ನಿಮ್ಮ ಊರು ಯಾವುದು?' ಅಂದರೆ 'ಒಂದು ಊರು' ಅಂದ ಹಾಗೆ. 1963ರ ಕಾಯಿದೆಯಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆ, 2008ರಿಂದ ಶಾಸ್ತ್ರೀಯ ಭಾಷೆ. ಇಷ್ಟಾದ ಮೇಲೂ ಫಾರಮ್ಮಿನಲ್ಲಿ ಅದರ ಹೆಸರು ಬರೆಯಲು ಜಾಗವಿಲ್ಲವೇ?

ಬ್ಯಾಂಕಿನವರ ಪರವಾಗಿ ಒಂದು ಮಾತು ಹೇಳಲೇಬೇಕು. ಇಂಗ್ಲಿಷ್ ಬಾರದವರಿಗೆ ಮೋಸವಾಗಬಾರದು ಅಂತಲೇ ಆ ಶೀಟು ಹುಟ್ಟಿದ್ದು, ಉದ್ದೇಶ ಕೆಟ್ಟದ್ದಲ್ಲ. ಆದರೆ ಅದು ನೋಡುವುದು ಸಹಿಯ ಲಿಪಿಯನ್ನು, ಕಾಗದದ ಭಾಷೆಯನ್ನಲ್ಲ. ಕಾಗದವೇ ಕನ್ನಡದಲ್ಲಿದ್ದರೆ ನಮ್ಮಮ್ಮನಿಗೆ ಯಾರೂ ವಿವರಿಸಬೇಕಾಗಿಲ್ಲ. ಆಗ ನನಗೇ ಅವಳು ವಿವರಿಸುತ್ತಾಳೆ. ರಿಸರ್ವ್ ಬ್ಯಾಂಕಿನ 2015ರ ಜುಲೈ 1ರ ಮಾಸ್ಟರ್ ಸುತ್ತೋಲೆ ತೆಗೆದು ನೋಡಿ. ಸಾಮಾನ್ಯ ಗ್ರಾಹಕರು ಬಳಸುವ ಅಚ್ಚಾದ ಕಾಗದಗಳೆಲ್ಲ, ಖಾತೆ ತೆರೆಯುವ ಫಾರಂ, ಚಲನ್, ಪಾಸ್‌ಪುಸ್ತಕ, ಎಲ್ಲವೂ ಇಂಗ್ಲಿಷ್, ಹಿಂದಿ ಮತ್ತು ಆ ಪ್ರದೇಶದ ಭಾಷೆಯಲ್ಲಿ ಸಿಗಬೇಕು ಅಂತ ಅದರಲ್ಲಿತ್ತು. ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದು ಅಂತಲೂ ಇತ್ತು. ಕಲ್ಲು ಎತ್ತುವ ಮೊದಲು ಈಗ ಜಾರಿಯಲ್ಲಿರುವ ನಿಯಮದ ಕಾಗದ ಎತ್ತಿಕೊಂಡು ಹೋಗಿ.

ಇನ್ನು ನನ್ನ ತಪ್ಪು. ಅದೇ ವಾರ ಪ್ರೆಸ್ಸಿನ ಹಳೇ ಸ್ಯಾಂಪಲ್ ಫೈಲು ತಿರುವುತ್ತಿದ್ದೆ. ಒಂದು ಚೀಟಿ ಕಂಪನಿಯ ಫಾರಂ ಸಿಕ್ಕಿತು, ಐದು ಸಾವಿರ ಪ್ರತಿ. ಕೊನೆಯಲ್ಲಿ ಅದೇ ತಲೆಬರಹ, ಅದೇ ಹೆಬ್ಬೆಟ್ಟು. ಅಚ್ಚು ಹಾಕಿದವನು ನಾನೇ. ಪ್ರೂಫಿನಲ್ಲಿ ಆ ಪದದ ಸ್ಪೆಲಿಂಗ್ ಮೂರು ಸಲ ನೋಡಿದ್ದು ನೆನಪಿದೆ. ಸ್ಪೆಲಿಂಗ್ ಸರಿಯಾಗಿಯೇ ಇತ್ತು.

ಈಗ ಅಂಥ ಫಾರಂ ಬಂದರೆ ಗಿರಾಕಿಗೆ ಫೋನ್ ಮಾಡುತ್ತೇನೆ. 'ಇಲ್ಲಿ ಕನ್ನಡ ಅಂತ ಹಾಕಲೇ? ಹಿಂದಿನ ಪುಟದಲ್ಲಿ ಇದನ್ನೇ ಕನ್ನಡದಲ್ಲಿ ಹಾಕಿಕೊಡಲೇ? ಕಂಪೋಸಿಂಗ್‌ಗೆ ದುಡ್ಡು ಬೇಡ' ಎನ್ನುತ್ತೇನೆ. ಕೆಲವರು 'ಹಾಕಿ ಸಾರ್, ಯಾರೂ ಕೇಳಿರಲಿಲ್ಲ' ಎನ್ನುತ್ತಾರೆ. ಇಬ್ಬರು ಕೆಲಸವನ್ನೇ ಬೇರೆ ಪ್ರೆಸ್ಸಿಗೆ ಒಯ್ದರು. ಒಯ್ಯಲಿ.

ಕಳೆದ ವರ್ಷ ಬ್ಯಾಂಕಿನಲ್ಲಿ ಮತ್ತೆ ಅಮ್ಮನ ಸಹಿ ಬೇಕಾಯಿತು. ಕನ್ನಡ ಫಾರಂ ಬೇಕೆಂದು ಸುತ್ತೋಲೆಯ ಜೆರಾಕ್ಸ್ ಸೇರಿಸಿ ಕನ್ನಡದಲ್ಲೇ ಅರ್ಜಿ ಕೊಟ್ಟೆ. ಹನ್ನೆರಡು ದಿನ ಓಡಾಡಿಸಿದರು. ಸಾಲದ ಕರಾರು ಇಂಗ್ಲಿಷಿನಲ್ಲೇ ಉಳಿಯಿತು, ಅರ್ಜಿ ನಮೂನೆ ಮಾತ್ರ ಕನ್ನಡದ್ದು ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದಲು ಕೂತಳು. ಹಿಂದೆ ಮೂರು ಜನ ಕಾಯುತ್ತಿದ್ದರು, ಹುಡುಗ ಗಡಿಯಾರ ನೋಡುತ್ತಿದ್ದ. ಅವಳು ನನ್ನ ಜೇಬಿನಿಂದ ಕೆಂಪು ಪೆನ್ನು ಕಿತ್ತುಕೊಂಡು ಎರಡು ಕಡೆ ಒತ್ತಕ್ಷರ ತಿದ್ದಿದಳು, ಒಂದು ಕಡೆ 'ಅಬ್ಯರ್ಥಿ'ಗೆ ಮಹಾಪ್ರಾಣ ಹಾಕಿದಳು. ಆಮೇಲೆ ಸಹಿ ಮಾಡಿದಳು. ಹುಡುಗ ಹಾಗೇ ಫೈಲಿಗೆ ಸೇರಿಸಿದ. ಇನ್ನೊಂದು ಶೀಟನ್ನು ಡ್ರಾಯರಿನಿಂದ ತೆಗೆಯಲಿಲ್ಲ.