ಯಕೃತ್ತು, ಕಬ್ಬಿಣ ಮತ್ತು ಕಾಮಾಲೆ



ಮೈಸೂರಿನ ದೇವರಾಜ ಮೊಹಲ್ಲಾದ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಇಂಥ ಮಾತು ಕೇಳಿಬರಬಹುದು: ‘ಹುಡುಗನಿಗೆ ಕಾಮಾಲೆ, ತುಂಬ ಸುಸ್ತು. ಕಬ್ಬಿಣದ ಟಾನಿಕ್ ಕೊಡಿ.’ ಇದು ಸರಿಯೇ?

ಕಬ್ಬಿಣ ನಮಗೆ ಬೇಕೇ ಬೇಕು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವುದು ಅದರಿಂದಲೇ. ಆದರೆ ಬಿಡಿಯಾಗಿ ಉಳಿದ ಕಬ್ಬಿಣ ಜೀವಕೋಶದ ಪೊರೆಯನ್ನೂ ಡಿ.ಎನ್.ಎ.ಯನ್ನೂ ಕೆಡಿಸಬಲ್ಲದು. ಆದ್ದರಿಂದ ದೇಹವು ಅದನ್ನು ಪ್ರೋಟೀನುಗಳ ವಶದಲ್ಲಿಡುತ್ತದೆ. ರಕ್ತದಲ್ಲಿ ಟ್ರಾನ್ಸ್‌ಫೆರಿನ್‌ನ ಒಂದು ಅಣು ಎರಡು ಕಬ್ಬಿಣದ ಅಯಾನುಗಳನ್ನು ಸಾಗಿಸುತ್ತದೆ. ಯಕೃತ್ತಿನ ಕೋಶಗಳಲ್ಲಿ ಫೆರಿಟಿನ್ ಉಗ್ರಾಣದಂತೆ ಕೆಲಸ ಮಾಡುತ್ತದೆ. 24 ಘಟಕಗಳು ಸೇರಿದ ಈ ಟೊಳ್ಳು ಗೋಳದಲ್ಲಿ ಸುಮಾರು 4500 ಕಬ್ಬಿಣದ ಪರಮಾಣುಗಳಿಗೆ ಜಾಗವಿದೆ.

ಹೆಪಟೈಟಿಸ್ ವೈರಸ್ ಸೋಂಕಿನಿಂದ ಕೋಶಗಳು ನಾಶವಾದಾಗ ಫೆರಿಟಿನ್ ರಕ್ತಕ್ಕೆ ಸೋರುತ್ತದೆ. ಉರಿಯೂತವೂ ಅದನ್ನು ಹೆಚ್ಚಿಸುತ್ತದೆ. ಹೀಗಾಗಿ ಈ ರೋಗಿಗಳಲ್ಲಿ ಫೆರಿಟಿನ್ ಅಂಕಿಯೊಂದನ್ನೇ ನೋಡಿ ದೇಹದ ಕಬ್ಬಿಣವನ್ನು ಅಳೆಯಲಾಗದು.

1989ರಲ್ಲಿ ಗುರುತಿಸಲಾದ ಹೆಪಟೈಟಿಸ್ ‘ಸಿ’ ವೈರಸ್ಸಿನ ದೀರ್ಘ ಸೋಂಕಿನಲ್ಲಿ ಇನ್ನೊಂದು ತೊಡಕಿದೆ. ಕರುಳು ಹೀರುವ ಕಬ್ಬಿಣಕ್ಕೆ ಮಿತಿ ಹಾಕುವ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ತಯಾರಿಸುವುದು ಯಕೃತ್ತೇ. ಈ ಸೋಂಕಿನಲ್ಲಿ ಹೆಪ್ಸಿಡಿನ್ ಕುಗ್ಗುವುದುಂಟು. ಆಗ ಕಬ್ಬಿಣ ಅಳತೆ ಮೀರಿ ಒಳಬಂದು ಯಕೃತ್ತಿನಲ್ಲೇ ಶೇಖರವಾಗುತ್ತದೆ. ಮೊದಲೇ ನೊಂದ ಅಂಗಕ್ಕೆ ಮತ್ತಷ್ಟು ಹಾನಿ.

ಅಂದಮೇಲೆ ಕಾಮಾಲೆಯ ಸುಸ್ತೆಲ್ಲ ರಕ್ತಹೀನತೆಯಲ್ಲ. ರಕ್ತ ಪರೀಕ್ಷೆಯಾಗಿ, ವೈದ್ಯರು ಹೇಳಿದರೆ ಮಾತ್ರ ಕಬ್ಬಿಣ ಸೇವಿಸಬೇಕು. ಹೆಪಟೈಟಿಸ್ ‘ಬಿ’ಗೆ ಲಸಿಕೆಯಿದೆ. ‘ಸಿ’ಗೆ ಲಸಿಕೆಯಿಲ್ಲದಿದ್ದರೂ ಬಹುಪಾಲು ರೋಗಿಗಳನ್ನು ಗುಣಪಡಿಸುವ ಮಾತ್ರೆಗಳಿವೆ. ಇಷ್ಟನ್ನು ಮನೆಯವರಿಗೂ ತಿಳಿಸಿ.