ಸಂಶಯದ ನಡುವೆ ವಿಶ್ವಾಸ



ಭಾರತಕ್ಕೆ ಶುಭಸಂದೇಶ ತಂದವನೆಂದು ಪರಂಪರೆ ಹೇಳುವ ಶಿಷ್ಯ ತೋಮ. ಯೇಸು ಸತ್ತು ಎದ್ದು ಬಂದರೆಂಬ ಮಾತನ್ನು ನಂಬಲಾರೆ ಎಂದವನೂ ಇವನೇ. ಯೋಹಾನನ ಶುಭಸಂದೇಶದ 20ನೇ ಅಧ್ಯಾಯ ತೆರೆದು ನೋಡಿ. ಗಾಯ ಮುಟ್ಟಿ ನೋಡಬೇಕು ಎಂದು ತೋಮ ಜೊತೆಯವರೆದುರೇ ಹೇಳಿಬಿಡುತ್ತಾನೆ. ಎಂಟು ದಿನ ಕಳೆದ ಮೇಲೆಯೂ ಅವನು ಅದೇ ಜೊತೆಯವರ ನಡುವೆ ಇದ್ದಾನೆ. ಅವನು ಬಿಟ್ಟು ಹೋಗಲಿಲ್ಲ, ಅವರು ಹೊರಗೆ ಹಾಕಲೂ ಇಲ್ಲ. ಇಡೀ ಪ್ರಸಂಗದಲ್ಲಿ ನನಗೆ ದೊಡ್ಡದೆನಿಸುವುದು ಇದು.

ಹೊಸೂರಿನ ನಮ್ಮ ಗಡಿಸೀಮೆಗೆ ಹತ್ತಿರದ ಇನ್ನೊಂದು ಸಂಶಯದ ಕಥೆಯಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಹೊಸೂರು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆ ಸೇರಿತು. ಅದೇ ಕಾಲಕ್ಕೆ, ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. ಸಿಡುಬು ತಡೆಯಲು ದೇವಿ ಹಾಕಿಸುವುದನ್ನು ಇಲ್ಲಿ ಹರಡಿದವರಲ್ಲಿ ಅವರೂ ಒಬ್ಬರು. ಭಾರತದಲ್ಲಿ ಒಟ್ಟು ಸುಮಾರು ಮೂವತ್ತು ವರ್ಷ ದುಡಿದು 1823ರಲ್ಲಿ ಊರಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳು ಅಚ್ಚಾದವು. ಈ ನೆಲದಲ್ಲಿ ಕ್ರೈಸ್ತಮತ ಬೇರೂರುವುದು ಆಗದ ಮಾತೆಂದು ಆ ಪತ್ರಗಳಲ್ಲಿ ಬರೆದಿದ್ದರು! ಪಾದ್ರಿಯೇ ಹೀಗೆಂದರೆ? ಖಂಡಿಸಿ ಪುಸ್ತಕಗಳೂ ಬಂದವು.

ಆದರೆ ದುಬಾಯ್ ಶಂಕಿಸಿದ್ದು ತಮ್ಮ ದುಡಿಮೆಯ ಫಲವನ್ನು, ದೇವರನ್ನಲ್ಲ. ದೀಕ್ಷೆ ಬಿಡಲಿಲ್ಲ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯಲ್ಲೇ ಸೇವೆ ಮುಂದುವರಿಸಿ 1848ರಲ್ಲಿ ತೀರಿಕೊಂಡರು. ಅವರ ಲೆಕ್ಕಾಚಾರವಂತೂ ತಪ್ಪಿತು. ಹೊಸೂರೂ ಸೇರಿದ ಇಂದಿನ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕಥೋಲಿಕರಿಗೆಂದೇ 1997ರಲ್ಲಿ ಬೇರೆ ಧರ್ಮಕ್ಷೇತ್ರವಾಯಿತು.

ಸಂಶಯಗಳೆಲ್ಲ ಒಂದೇ ಬಗೆಯವಲ್ಲ. ಬೈಬಲಿನ ಚರಿತ್ರೆ, ವಿಜ್ಞಾನ ಇಂಥ ಪ್ರಶ್ನೆಗಳಿಗೆ ಓದು ಬೇಕು. ತಿಳಿದ ಗುರುಗಳನ್ನೋ ಸಭಾಪಾಲಕರನ್ನೋ ಕೇಳಬೇಕು. ಮಗು ತೀರಿಕೊಂಡಾಗ, ಸಿಪ್ಕಾಟ್ ಕೈಗಾರಿಕಾ ವಲಯದ ಕಾರ್ಖಾನೆಯ ಕೆಲಸ ಕೈತಪ್ಪಿದಾಗ ಏಳುವ ಪ್ರಶ್ನೆಗೆ ವಾದ ಮದ್ದಲ್ಲ. ಅಂಥ ಹೊತ್ತಿಗೆಂದೇ ಕೀರ್ತನೆಗಳಿವೆ. 88ನೇ ಕೀರ್ತನೆಯಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ. ಮದರ್ ತೆರೇಸಾ ಹತ್ತಾರು ವರ್ಷ ದೇವರ ಸನ್ನಿಧಿಯೇ ಅರಿವಿಗೆ ಬಾರದೆ ನವೆದರೆಂಬುದು 2007ರಲ್ಲಿ ಅವರ ಪತ್ರಗಳು ಹೊರಬಂದಾಗ ಲೋಕಕ್ಕೆಲ್ಲ ತಿಳಿಯಿತು. ಆ ವರ್ಷಗಳಲ್ಲೂ ಅವರು ಪ್ರಾರ್ಥನೆ ತಪ್ಪಿಸಲಿಲ್ಲ, ರೋಗಿಗಳ ಆರೈಕೆ ನಿಲ್ಲಿಸಲಿಲ್ಲ. ವಿಶ್ವಾಸ ಬೆಳೆಯುವುದು ಹೆಚ್ಚಾಗಿ ಹೀಗೆ, ಬೆಳೆದದ್ದು ತನಗೇ ಗೊತ್ತಾಗದಂತೆ.

ಸಂಶಯವನ್ನು ಪಾಪವೆಂದು ಗದರಿಸುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಗದರಿಸಿದರೆ ಹುಡುಗರು ಪ್ರಶ್ನೆ ಬಿಡುವುದಿಲ್ಲ, ಚರ್ಚಿಗೆ ಬರುವುದನ್ನು ಬಿಡುತ್ತಾರೆ. ಮನೆಯಲ್ಲಿ ಮಗನೋ ಮಗಳೋ ದೇವರಿದ್ದಾನೆಯೇ ಎಂದು ಕೇಳಿದರೆ, ದಯವಿಟ್ಟು ಬಾಯಿ ಮುಚ್ಚಿಸಬೇಡಿ. ಕೂತು ಪೂರ್ತಿ ಕೇಳಿಸಿಕೊಳ್ಳಿ.