ಗುರುತಿನ ಕೀಲಿಕೈ ಯಾರ ಬಳಿ ಇರಬೇಕು?



ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದವನಿಗೆ ಗುರುತಿನ ಪತ್ರದ ಬೆಲೆ ಏನೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಬಾಡಿಗೆಗೆ ಕೋಣೆ ಹಿಡಿಯಬೇಕಾದರೆ, ಮಗುವನ್ನು ಶಾಲೆಗೆ ಸೇರಿಸಬೇಕಾದರೆ ಮೊದಲು ಕೇಳುವುದು ಛಾಯಾಪ್ರತಿಯನ್ನು. ಹೀಗೆ ಕೊಟ್ಟ ಪ್ರತಿಗಳು ಅನಂತರ ಯಾರ ಮೇಜಿನಲ್ಲಿ ಉಳಿದವು, ಯಾರ ಕೈಸೇರಿದವು ಎಂಬುದು ಕೊಟ್ಟವನಿಗೆ ತಿಳಿಯದು. ವಯಸ್ಸನ್ನಷ್ಟೇ ತೋರಿಸಬೇಕಾದ ಕಡೆಯಲ್ಲಿಯೂ ತಂದೆಯ ಹೆಸರು, ವಿಳಾಸ, ಜನ್ಮದಿನಾಂಕ ಎಲ್ಲವೂ ಬಯಲಾಗುತ್ತವೆ.

ಈ ತೊಡಕಿಗೆ ತಂತ್ರಜ್ಞರು ಸೂಚಿಸಿರುವ ಪರಿಹಾರಗಳಲ್ಲಿ ಬ್ಲಾಕ್‌ಚೈನ್ ಒಂದು. ಇದು ಒಂದೇ ಕಚೇರಿಯ ವಶದಲ್ಲಿರದೆ ಅನೇಕ ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಇರುವ ಖಾತೆಪುಸ್ತಕ. ಪ್ರತಿ ಪುಟವೂ ಹಿಂದಿನ ಪುಟದ ಗಣಿತರೂಪದ ಮುದ್ರೆಯನ್ನು ಹೊತ್ತಿರುವುದರಿಂದ, ನಡುವಿನ ಒಂದಕ್ಷರವನ್ನು ತಿದ್ದಿದರೂ ಮುಂದಿನ ಮುದ್ರೆಗಳು ತಾಳೆಯಾಗುವುದಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ನಾಗರಿಕನ ಹೆಸರು, ಭಾವಚಿತ್ರ, ಬೆರಳಚ್ಚುಗಳನ್ನು ಆ ಪುಸ್ತಕದಲ್ಲಿ ಬರೆದಿಡಬೇಕಾಗಿಲ್ಲ, ಬರೆದಿಡಲೂ ಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ತನ್ನ ವಿವರಗಳನ್ನು ತಿದ್ದಿಸುವ, ಅಳಿಸುವ ಹಕ್ಕನ್ನು ವ್ಯಕ್ತಿಗೆ ನೀಡುತ್ತದೆ. ಅಳಿಸಲಾಗದ ಪುಸ್ತಕದಲ್ಲಿ ಬರೆದುದನ್ನು ಅಳಿಸುವುದೆಂತು? ಆದುದರಿಂದ ಪ್ರಮಾಣಪತ್ರವು ಒಡೆಯನ ಮೊಬೈಲಿನಲ್ಲಿಯೇ ಇರುತ್ತದೆ. ವಿಶ್ವವಿದ್ಯಾಲಯವು ಪದವಿಪತ್ರಕ್ಕೆ ತನ್ನ ಗುಪ್ತ ಕೀಲಿಯಿಂದ ಸಹಿ ಹಾಕುತ್ತದೆ. ಆ ಸಹಿಯನ್ನು ಪರೀಕ್ಷಿಸುವ ಬಹಿರಂಗ ಕೀಲಿ ಮಾತ್ರ ಖಾತೆಪುಸ್ತಕದಲ್ಲಿರುತ್ತದೆ. ಚೆನ್ನೈನ ಉದ್ಯೋಗದಾತನು ಧಾರವಾಡಕ್ಕೆ ಪತ್ರ ಬರೆದು ಉತ್ತರಕ್ಕಾಗಿ ಕಾಯದೆಯೇ ಪದವಿಯ ಸತ್ಯಾಸತ್ಯತೆಯನ್ನು ಅರಿಯಬಹುದು. ಸೂಕ್ತ ಗಣಿತವಿಧಾನವನ್ನು ಅಳವಡಿಸಿದಲ್ಲಿ, ಜನ್ಮದಿನಾಂಕವನ್ನು ಮರೆಮಾಡಿ ‘18 ತುಂಬಿದೆ’ ಎಂಬಷ್ಟನ್ನೇ ರುಜುವಾತುಪಡಿಸಲೂ ಸಾಧ್ಯ.

ಭೂತಾನವು 2023ರಲ್ಲಿ ರಾಷ್ಟ್ರೀಯ ಡಿಜಿಟಲ್ ಗುರುತಿನ ಕಾಯಿದೆಯನ್ನು ಮಾಡಿ ಇದೇ ಹಾದಿಯನ್ನು ಹಿಡಿದಿದೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ 2022ರಲ್ಲಿ ಜಾತಿ ಪ್ರಮಾಣಪತ್ರಗಳನ್ನು ಬ್ಲಾಕ್‌ಚೈನಿಗೆ ಜೋಡಿಸುವ ಕಾರ್ಯ ನಡೆಯಿತು. ಆದರೆ ನಕಲಿ ಪತ್ರವನ್ನು ತಡೆಯುವುದು ಬೇರೆ, ಯಾವ ವಿವರವನ್ನು ಯಾರಿಗೆ ತೋರಿಸಬೇಕೆಂಬ ಅಧಿಕಾರವನ್ನು ನಾಗರಿಕನಿಗೆ ಒಪ್ಪಿಸುವುದು ಬೇರೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಹಾಗೆಂದು ಈ ಏರ್ಪಾಡು ಸರ್ವರೋಗಕ್ಕೂ ಮದ್ದಲ್ಲ. ಆರಂಭದಲ್ಲಿಯೇ ತಪ್ಪು ಹೆಸರು ದಾಖಲಾದರೆ, ಬ್ಲಾಕ್‌ಚೈನ್ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ. ಎಲ್ಲವನ್ನೂ ತೋರಿಸದ ಹೊರತು ಮನೆ ಕೊಡೆನೆನ್ನುವ ಮಾಲೀಕನನ್ನು ಯಾವ ಗಣಿತವೂ ಬಗ್ಗಿಸಲಾರದು. ಸ್ಮಾರ್ಟ್‌ಫೋನ್ ಇಲ್ಲದ ಕೂಲಿಕಾರನಿಗೆ ಕಾಗದದ ಪತ್ರವೂ ನಡೆಯುತ್ತಲೇ ಇರಬೇಕು. ಎಲ್ಲಕ್ಕಿಂತ ಮಿಗಿಲಾದ ಚಿಂತೆ ಕೀಲಿಯದು. ಬ್ಯಾಂಕಿನ ಲಾಕರಿನ ಕೀಲಿ ಕಳೆದರೆ ಬೀಗ ಒಡೆಸಲು ಬ್ಯಾಂಕಿದೆ. ಇಲ್ಲಿ ಮರುಪ್ರಾಪ್ತಿಯ ವ್ಯವಸ್ಥೆಯನ್ನು ಮೊದಲೇ ಮಾಡಿರದಿದ್ದರೆ ಕಳೆದ ಗುಪ್ತ ಕೀಲಿಯನ್ನು ಯಾರೂ ಮರಳಿ ಕೊಡಲಾರರು. ಪತ್ರ ನೀಡಿದ ಸಂಸ್ಥೆಗಳು ಹಳೆಯದನ್ನು ರದ್ದುಪಡಿಸಿ ಹೊಸದನ್ನು ಕೊಡಬಲ್ಲವು, ನಿಜ. ಆದರೆ ಅದಕ್ಕಾಗಿ ಪ್ರತಿಯೊಂದು ಸಂಸ್ಥೆಯ ಬಾಗಿಲಿನಲ್ಲಿಯೂ ತಾನು ಯಾರೆಂಬುದನ್ನು ಆತನು ಮತ್ತೊಮ್ಮೆ ರುಜುವಾತುಪಡಿಸಬೇಕಾಗುತ್ತದೆ.